ಪಾಪರ್ ಅರ್ಜಿ ಹಾಕುವುದೋ, ಕಂತು ನಿಲ್ಲಿಸಿ ಸುಮ್ಮನಿರುವುದೋ?

ಪ್ರಶ್ನೆ: ದಾವಣಗೆರೆಯಲ್ಲಿ ನಡೆಸುತ್ತಿದ್ದ ಸಿದ್ಧ ಉಡುಪಿನ ಅಂಗಡಿಯನ್ನು ನಷ್ಟದಿಂದಾಗಿ ಕಳೆದ ವರ್ಷ ಮುಚ್ಚಿದೆ. ಈಗ ಬೇರೊಬ್ಬರ ಅಂಗಡಿಯಲ್ಲಿ ತಿಂಗಳಿಗೆ 28,000 ರೂಪಾಯಿ ಸಂಬಳಕ್ಕೆ ದುಡಿಯುತ್ತಿದ್ದೇನೆ. ನನ್ನ ಹೆಸರಿನ ಮನೆಯನ್ನು ಅಡಮಾನವಿಟ್ಟು ತೆಗೆದ ಬ್ಯಾಂಕ್ ಸಾಲದಲ್ಲಿ 14.5 ಲಕ್ಷ ಬಾಕಿ ಇದೆ. ಅದಕ್ಕೆ ಹೆಂಡತಿಯ ತಮ್ಮ ಜಾಮೀನುದಾರ. ಎರಡು ಫೈನಾನ್ಸ್ ಕಂಪನಿಗಳ ಪರ್ಸನಲ್ ಲೋನ್ ಸೇರಿ 6.5 ಲಕ್ಷ, ಕ್ರೆಡಿಟ್ ಕಾರ್ಡ್ ಬಾಕಿ 2.75 ಲಕ್ಷ. ಪರಿಚಿತರೊಬ್ಬರಿಂದ ನೂರಕ್ಕೆ ಮೂರರ ಬಡ್ಡಿಗೆ ತಂದ 5 ಲಕ್ಷದ ಕೈಸಾಲವಿದ್ದು, ನಾನು ಸಹಿ ಮಾಡಿದ ಎರಡು ಖಾಲಿ ಚೆಕ್‌ಗಳು ಅವರ ಬಳಿ ಇವೆ. ಮನೆಗೆ 30ರಿಂದ 32 ಲಕ್ಷ ಬರಬಹುದು. ಮೂರು ತಿಂಗಳಿಂದ ಯಾವ ಕಂತನ್ನೂ ಕಟ್ಟಿಲ್ಲ. ಪಾಪರ್ ಅರ್ಜಿ ಹಾಕಿದರೆ ಎಲ್ಲ ಮುಗಿಯುತ್ತದೆ ಎಂದು ಒಬ್ಬರು, ಮೂರು ವರ್ಷ ಸುಮ್ಮನಿದ್ದರೆ ಸಾಲವೇ ಬಿದ್ದುಹೋಗುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಮನೆಯನ್ನು ಹೆಂಡತಿಗೆ ದಾನಪತ್ರ ಮಾಡಿಬಿಡಲೇ? ಮಗ ಎರಡನೇ ಪಿಯುಸಿಯಲ್ಲಿದ್ದಾನೆ. ನನ್ನ ಸಾಲ ಅವನ ತಲೆಗೆ ಬರುತ್ತದೆಯೇ?

ಉತ್ತರ: ನಿಮಗೆ ಸಿಕ್ಕಿರುವ ಎರಡೂ ಸಲಹೆಗಳು ನಿಮ್ಮ ಸಾಲಗಳನ್ನೆಲ್ಲ ಒಂದೇ ಗಂಟು ಕಟ್ಟಿ ನೋಡುತ್ತವೆ. ಕಾನೂನು ಹಾಗೆ ನೋಡುವುದಿಲ್ಲ. ಬ್ಯಾಂಕಿನ ಕೈಯಲ್ಲಿ ನಿಮ್ಮ ಮನೆಯ ಪತ್ರಗಳಿವೆ, ಕೈಸಾಲ ಕೊಟ್ಟವರ ಕೈಯಲ್ಲಿ ಚೆಕ್ ಇದೆ, ಫೈನಾನ್ಸ್ ಕಂಪನಿ ಮತ್ತು ಕಾರ್ಡಿನವರ ಕೈಯಲ್ಲಿ ಒಂದು ಕರಾರುಪತ್ರವನ್ನು ಬಿಟ್ಟರೆ ಸದ್ಯಕ್ಕೆ ಏನೂ ಇಲ್ಲ. ಯಾರು ಯಾವುದನ್ನು ಎಷ್ಟು ಬೇಗ ಮುಟ್ಟಬಲ್ಲರು ಎಂಬುದನ್ನು ಮೊದಲು ತಿಳಿದುಕೊಂಡರೆ ಪಾಪರ್ ಅರ್ಜಿ, ಅಂದರೆ ತನ್ನನ್ನು ದಿವಾಳಿ ಎಂದು ಘೋಷಿಸುವಂತೆ ನ್ಯಾಯಾಲಯಕ್ಕೆ ಹಾಕುವ ಅರ್ಜಿ, ಬೇಕೇ ಬೇಡವೇ ಎಂಬ ಪ್ರಶ್ನೆ ಬಹುಮಟ್ಟಿಗೆ ತಾನಾಗಿಯೇ ಬಗೆಹರಿಯುತ್ತದೆ.

ಅದಕ್ಕೂ ಮೊದಲು ಒಂದು ಲೆಕ್ಕ. ನೀವು ಬರೆದಿರುವ ಸಾಲಗಳ ಮೊತ್ತ 28.75 ಲಕ್ಷ, ಮನೆಯ ಬೆಲೆ 30 ಲಕ್ಷಕ್ಕೆ ಕಡಿಮೆ ಇಲ್ಲ ಎನ್ನುತ್ತೀರಿ. ಅಂದರೆ ಇವತ್ತಿನ ಮಟ್ಟಿಗೆ ನೀವು ಕೈಯಲ್ಲಿ ಕಾಸಿಲ್ಲದವರೇ ಹೊರತು ಕಾನೂನಿನ ಅರ್ಥದಲ್ಲಿ ದಿವಾಳಿಯಾದವರಲ್ಲ. ಸಾಲ ತೀರಿಸಲು ಅಸಮರ್ಥ ಎಂದು ಮೇಲ್ನೋಟಕ್ಕಾದರೂ ತೋರಿಸದ ಅರ್ಜಿಯನ್ನು ನ್ಯಾಯಾಲಯ ವಜಾ ಮಾಡಬೇಕಾಗುತ್ತದೆ, ಮತ್ತು ನಿಮ್ಮ ಎದುರಾಳಿ ವಕೀಲರು ಮೊದಲ ದಿನವೇ ಎತ್ತುವ ಆಕ್ಷೇಪ ಇದೇ ಆಗಿರುತ್ತದೆ. ಆದರೆ ಈ ಲೆಕ್ಕ ಬಹುಕಾಲ ನಿಲ್ಲುವಂಥದ್ದಲ್ಲ. ಕೈಸಾಲದ ಬಡ್ಡಿಯೊಂದೇ ತಿಂಗಳಿಗೆ 15,000 ರೂಪಾಯಿ, ಅಂದರೆ ನಿಮ್ಮ ಸಂಬಳದ ಅರ್ಧಕ್ಕಿಂತ ಹೆಚ್ಚು. ಕಾರ್ಡಿನ ಬಾಕಿಯ ಮೇಲೆ ತಿಂಗಳಿಗೆ ಶೇ 3ಕ್ಕೂ ಮೇಲ್ಪಟ್ಟ ಬಡ್ಡಿ ಸಾಮಾನ್ಯ. ಇನ್ನೊಂದು ವರ್ಷ ಹೀಗೆಯೇ ಕಳೆದು ಮನೆ ಹರಾಜಿನಲ್ಲಿ 23–24 ಲಕ್ಷಕ್ಕೆ ಹೋದರೆ ಆಗ ನೀವು ನಿಜವಾಗಿಯೂ ದಿವಾಳಿ.

ಈಗ ಪಾಪರ್ ಅರ್ಜಿಯ ವಿಷಯ. 2016ರ ದಿವಾಳಿ ಸಂಹಿತೆಯ ಹೆಸರು ಹೇಳಿ ‘ನಿಮ್ಮ ಸಾಲವೆಲ್ಲ ಮನ್ನಾ ಮಾಡಿಸುತ್ತೇವೆ’ ಎಂದು ಫೋನಿನಲ್ಲಿ ಶುಲ್ಕ ಕೇಳುವವರು ಈಗ ಬಹಳ ಮಂದಿ ಇದ್ದಾರೆ. ಆ ಸಂಹಿತೆಯ ಮೂರನೇ ಭಾಗದಲ್ಲಿ ವ್ಯಕ್ತಿಗಳ ದಿವಾಳಿತನಕ್ಕೆ ಅಚ್ಚುಕಟ್ಟಾದ ವ್ಯವಸ್ಥೆಯೇನೋ ಇದೆ. ಆದರೆ ಅದು 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದಿರುವುದು ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ನಿಮ್ಮಂತೆ ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡಿ ಸೋತವರಿಗೆ ಇಂದಿಗೂ ಅನ್ವಯಿಸುವುದು ಬ್ರಿಟಿಷರ ಕಾಲದ 1920ರ ಪ್ರಾವಿನ್ಶಿಯಲ್ ಇನ್‌ಸಾಲ್ವೆನ್ಸಿ ಕಾಯ್ದೆ. ಅಮೆರಿಕದಲ್ಲಿರುವ ಬಂಧುಗಳು ಹೇಳುವ, ಕೆಲವೇ ತಿಂಗಳಲ್ಲಿ ಕಾರ್ಡಿನ ಸಾಲ ಅಳಿಸಿಹಾಕುವ ಬ್ಯಾಂಕ್ರಪ್ಸಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ನಿರಾಶರಾಗುತ್ತಾರೆ.

ಆ ಹಳೆಯ ಕಾಯ್ದೆಯಡಿ, ಸಾಲ 500 ರೂಪಾಯಿ ಮುಟ್ಟಿದರೂ ಸಾಕು, ತೀರಿಸಲಾಗದವನು ತಾನು ವಾಸಿಸುವ ಅಥವಾ ವ್ಯಾಪಾರ ಮಾಡುವ ಪ್ರದೇಶದ ಜಿಲ್ಲಾ ನ್ಯಾಯಾಲಯಕ್ಕೆ, ಇಲ್ಲವೇ ಆ ಅಧಿಕಾರ ಪಡೆದಿರುವ ಸಿವಿಲ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಬಾಕಿ ಮೊತ್ತ, ನಿಮ್ಮ ಎಲ್ಲ ಆಸ್ತಿಯ ವಿವರ ಮತ್ತು ಬೆಲೆ ಇರಬೇಕು. ವ್ಯಾಪಾರದ ಲೆಕ್ಕದ ಪುಸ್ತಕಗಳನ್ನು ಹಾಜರುಪಡಿಸಬೇಕು. ನಿಮ್ಮನ್ನು ದಿವಾಳಿ ಎಂದು ಘೋಷಿಸಿದ ಕ್ಷಣದಿಂದ ನಿಮ್ಮ ಆಸ್ತಿ ನ್ಯಾಯಾಲಯದ ಅಥವಾ ಆಸ್ತಿ ನೋಡಿಕೊಳ್ಳಲು ಅದು ನೇಮಿಸುವ ಅಧಿಕಾರಿಯಾದ ರಿಸೀವರ್‌ನ ವಶಕ್ಕೆ ಹೋಗುತ್ತದೆ. ಅದರ ಬಳಿಕ, ಉಳಿದ ಸಾಲದಿಂದ ನಿಮ್ಮನ್ನು ಮುಕ್ತಗೊಳಿಸುವ ಬಿಡುಗಡೆ ಆದೇಶ ಸಿಗುವವರೆಗೆ ನಿಮಗೆ ಪಿತ್ರಾರ್ಜಿತವಾಗಿ ಏನಾದರೂ ಬಂದರೆ ಅದೂ ಅವರದೇ. ಇದಕ್ಕೆ ಪ್ರತಿಯಾಗಿ ನಿಮಗೆ ಸಿಗುವುದು ಎರಡು: ನ್ಯಾಯಾಲಯದ ಅನುಮತಿ ಇಲ್ಲದೆ ಅಡಮಾನದಂಥ ಭದ್ರತೆಯಿಲ್ಲದೆ ಸಾಲ ಕೊಟ್ಟವರು ಹೊಸದಾಗಿ ದಾವೆ ಹೂಡುವಂತಿಲ್ಲ, ಮತ್ತು ಬಂಧನದಿಂದ ರಕ್ಷಣೆ ಕೋರಿ ನೀವು ಆದೇಶ ಪಡೆಯಬಹುದು.

ಸಿಗದಿರುವುದರ ಪಟ್ಟಿ ನಿಮ್ಮ ಪ್ರಕರಣದಲ್ಲಿ ಇದಕ್ಕಿಂತ ಉದ್ದವಾಗಿದೆ. ಅಡಮಾನ ಹಿಡಿದ ಬ್ಯಾಂಕಿಗೆ ನಿಮ್ಮ ದಿವಾಳಿತನ ಅಡ್ಡಿಯಲ್ಲ. ಅರ್ಜಿಯೇ ಇಲ್ಲವೇನೋ ಎಂಬಂತೆ ಅದು ಮನೆಯನ್ನು ಮಾರಿಸಬಹುದು. ನೀವು ಬಿಡುಗಡೆ ಹೊಂದಿದರೂ ನಿಮ್ಮ ಭಾವಮೈದುನ ಜಾಮೀನಿನಿಂದ ಬಿಡುಗಡೆ ಹೊಂದುವುದಿಲ್ಲ. ಜಾಮೀನುದಾರನ ಹೊಣೆ ಸಾಲ ಪಡೆದವನ ಹೊಣೆಗೆ ಸಮನಾದದ್ದು, ಮೊದಲು ನಿಮ್ಮನ್ನು ಕೇಳಿ ಆಮೇಲೆ ಅವರನ್ನು ಕೇಳಬೇಕೆಂಬ ನಿಯಮವೂ ಬ್ಯಾಂಕಿಗಿಲ್ಲ. ಚೆಕ್ ಬೌನ್ಸ್ ಮೊಕದ್ದಮೆ ಕ್ರಿಮಿನಲ್ ಸ್ವರೂಪದ್ದಾದ್ದರಿಂದ ಅದಕ್ಕೂ ಪಾಪರ್ ಅರ್ಜಿ ಗುರಾಣಿಯಾಗದು. ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ ಮತ್ತು ಮೋಸದಿಂದ ಮಾಡಿದ ಸಾಲ ಬಿಡುಗಡೆ ಆದೇಶದ ನಂತರವೂ ಉಳಿಯುತ್ತವೆ.

ಬಿಡುಗಡೆ ಆದೇಶವೂ ಕೇಳಿದ ಕೂಡಲೇ ಸಿಗುವುದಿಲ್ಲ. ಭದ್ರತೆಯಿಲ್ಲದ ಸಾಲದಲ್ಲಿ ರೂಪಾಯಿಗೆ ಎಂಟಾಣೆಯಷ್ಟಾದರೂ ಆಸ್ತಿ ಇರಬೇಕು, ಇಲ್ಲದಿದ್ದರೆ ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ ಎಂದು ತೋರಿಸಬೇಕು. ಹಿಂದಿನ ಮೂರು ವರ್ಷ ಲೆಕ್ಕದ ಪುಸ್ತಕ ಸರಿಯಾಗಿ ಇಟ್ಟಿರಬೇಕು. ತೀರಿಸಲಾಗದೆಂದು ತಿಳಿದೂ ಸಾಲ ಮಾಡಿರಬಾರದು. ಕೊನೆಯ ದಿನಗಳಲ್ಲಿ ಕಾರ್ಡ್ ಉಜ್ಜಿ ಹಳೆಯ ಕಂತು ಕಟ್ಟಿದ ವ್ಯಾಪಾರಿಗಳು ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಬಿಡುಗಡೆ ಕೋರಲು ನ್ಯಾಯಾಲಯ ಕೊಟ್ಟ ಅವಧಿಯನ್ನು ಮರೆತರೆ ದಿವಾಳಿ ಘೋಷಣೆಯೇ ರದ್ದಾಗಿ ಸಾಲ ಕೊಟ್ಟವರು ಮತ್ತೆ ಬಾಗಿಲಿಗೆ ಬರುತ್ತಾರೆ. ಬಿಡುಗಡೆ ಸಿಗುವವರೆಗೆ ಸ್ಥಳೀಯ ಸಂಸ್ಥೆಯಿಂದ ಹಿಡಿದು ಶಾಸನಸಭೆಯವರೆಗೆ ಚುನಾವಣೆಗೆ ನಿಲ್ಲುವಂತಿಲ್ಲ, ಕಂಪನಿಯ ನಿರ್ದೇಶಕರಾಗುವಂತಿಲ್ಲ. ತಾನು ದಿವಾಳಿ ಎಂದು ತಿಳಿಸದೆ 50 ರೂಪಾಯಿ ಉದ್ರಿ ಪಡೆದರೂ ಆ ಕಾಯ್ದೆಯ ಪ್ರಕಾರ ಅಪರಾಧ. 1920ರಲ್ಲಿ ಬರೆದ ಮೊತ್ತವನ್ನು ಇದುವರೆಗೆ ಯಾರೂ ತಿದ್ದಿಲ್ಲ.

ಹಾಗಾದರೆ ಕಂತು ನಿಲ್ಲಿಸಿ ಸುಮ್ಮನಿದ್ದರೆ ಏನಾಗುತ್ತದೆ? ಬ್ಯಾಂಕಿನಿಂದಲೇ ಆರಂಭಿಸೋಣ, ಏಕೆಂದರೆ ಅಲ್ಲಿ ಗಡಿಯಾರ ಈಗಾಗಲೇ ಓಡುತ್ತಿದೆ. 90 ದಿನ ಕಂತು ಬಾಕಿಯಾದ ಸಾಲ ಬ್ಯಾಂಕಿನ ಲೆಕ್ಕದಲ್ಲಿ ಎನ್‌ಪಿಎ, ಅಂದರೆ ವಸೂಲಾಗದೆ ನಿಂತ ಸಾಲ ಆಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ನ್ಯಾಯಾಲಯದಲ್ಲಿ ದಾವೆ ಹೂಡದೆಯೇ 60 ದಿನಗಳ ನೋಟಿಸ್ ಕೊಟ್ಟು, ಹಣ ಬಾರದಿದ್ದರೆ ಮನೆಯ ಸ್ವಾಧೀನಕ್ಕೆ ಬರಬಹುದು. ನೋಟಿಸ್ ಬಂದ ಮೇಲೆ ಲಿಖಿತ ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನಗಳಲ್ಲಿ ಉತ್ತರಿಸಬೇಕು. ಸ್ವಾಧೀನ ಕ್ರಮದ ವಿರುದ್ಧ 45 ದಿನಗಳೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ನಿಮ್ಮ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ ಎಂಬುದನ್ನು ನೆನಪಿಡಬೇಕು. ಮೂರು ವರ್ಷದ ಮಾತು ಇಲ್ಲಿ ನಡೆಯುವುದಿಲ್ಲ, ಅಡಮಾನದ ಮೇಲಿನ ಹಕ್ಕಿಗೆ ಕಾಲಮಿತಿ 12 ವರ್ಷ.

ಫೈನಾನ್ಸ್ ಕಂಪನಿ ಮತ್ತು ಕಾರ್ಡಿನ ಸಾಲಗಳಿಗೆ ಮೂರು ವರ್ಷದ ಕಾಲಮಿತಿ ಇರುವುದು ನಿಜ. ಆದರೆ ಆ ಮೂರು ವರ್ಷ ಅವರೂ ಸುಮ್ಮನಿರುತ್ತಾರೆ ಎಂದುಕೊಳ್ಳುವುದು ಸರಿಯಲ್ಲ, ಮತ್ತು ಅವಧಿಯೊಳಗೆ ಬಾಕಿಯನ್ನು ಒಪ್ಪಿ ನೀವು ಸಹಿ ಮಾಡಿದ ಒಂದು ಪತ್ರ, ಅಥವಾ ದಾಖಲೆ ಉಳಿಯುವಂತೆ ಕಟ್ಟಿದ ಒಂದು ಸಾವಿರ ರೂಪಾಯಿ, ಲೆಕ್ಕವನ್ನು ಮೊದಲಿನಿಂದ ಶುರು ಮಾಡಬಲ್ಲದು. ವಸೂಲಿಗೆ ಬಂದವನು ‘ಸದ್ಯಕ್ಕೆ ಇಷ್ಟಾದರೂ ಹಾಕಿ ಸಾರ್’ ಎಂದು ಮೃದುವಾಗಿ ಕೇಳುವುದರ ಹಿಂದೆ ಹಲವು ಬಾರಿ ಈ ಲೆಕ್ಕವೂ ಇರುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿ ಎಂದರೆ ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ಇರುವ, ವಿವಾದವನ್ನು ನ್ಯಾಯಾಲಯದ ಬದಲು ಖಾಸಗಿ ಮಧ್ಯಸ್ಥರು ತೀರ್ಮಾನಿಸುವ ಮಧ್ಯಸ್ಥಿಕೆಯ ಷರತ್ತು. ಚೆನ್ನೈನಲ್ಲೋ ಮುಂಬೈನಲ್ಲೋ ಕುಳಿತ ಮಧ್ಯಸ್ಥರ ನೋಟಿಸು ನಿಮಗೆ ಇಮೇಲ್ ಅಥವಾ ವಾಟ್ಸ್ಆ್ಯಪ್‌ನಲ್ಲಿ ಬರಬಹುದು, ಅದನ್ನು ಮೋಸದ ಸಂದೇಶವೆಂದು ಅಳಿಸಿಹಾಕುವವರಿದ್ದಾರೆ. ನೀವು ಹಾಜರಾಗದಿದ್ದರೆ ಏಕಪಕ್ಷೀಯವಾಗಿ ತೀರ್ಪು ಬರುತ್ತದೆ, ಮತ್ತು ಅದು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆಯೇ (ದಾವೆಯ ತೀರ್ಪಿನ ಆದೇಶದಂತೆಯೇ) ಅಮಲ್ಜಾರಿಯಾಗುತ್ತದೆ. ಸಾಲ ಕೊಟ್ಟ ಸಂಸ್ಥೆಯೇ ಏಕಪಕ್ಷೀಯವಾಗಿ ಮಧ್ಯಸ್ಥರನ್ನು ನೇಮಿಸುವುದು ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆ ಆಕ್ಷೇಪವನ್ನು ಕೂಡಲೇ ಬರೆದು ತಿಳಿಸಬೇಕು, ತೀರ್ಪು ಬಂದ ಮೇಲಾದರೆ ಮೂರು ತಿಂಗಳೊಳಗೆ ಪ್ರಶ್ನಿಸಬೇಕು.

ಡಿಕ್ರಿ ಆಯಿತೆಂದೇ ಇಟ್ಟುಕೊಳ್ಳಿ. ನಿಮ್ಮ ಸಂಬಳದಲ್ಲಿ ಅವರು ಎಷ್ಟನ್ನು ಮುಟ್ಟಬಹುದು? ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಜಪ್ತಿಗೆ ಸಿಗುವುದಿಲ್ಲ. ಸಂಬಳ 28,000 ಆದರೆ 27,000ದ ಮೂರನೇ ಒಂದು ಭಾಗ, ಅಂದರೆ 9,000 ರೂಪಾಯಿ ಮಾತ್ರ ಜಪ್ತಿಯಾಗಬಹುದು. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಹೀಗೆ ಹಿಡಿದ ಮೇಲೆ ಆ ಡಿಕ್ರಿಯ ಮಟ್ಟಿಗೆ ಸಂಬಳಕ್ಕೆ ಪೂರ್ಣ ವಿನಾಯಿತಿ. ಅಂದರೆ ಒಬ್ಬ ಡಿಕ್ರಿದಾರ ನಿಮ್ಮ ಸಂಬಳದಿಂದ ಪಡೆಯಬಹುದಾದ ಗರಿಷ್ಠ ಮೊತ್ತ ಸುಮಾರು 2.16 ಲಕ್ಷ. ಭವಿಷ್ಯ ನಿಧಿಗೆ ಕೈಹಾಕುವಂತಿಲ್ಲ. ಈ ಅಂಕಿಯನ್ನು ಫೈನಾನ್ಸ್ ಕಂಪನಿಯ ವಕೀಲರೂ ಬಲ್ಲರು, ರಾಜಿಯ ಮಾತುಕತೆಯಲ್ಲಿ ನಿಮಗಿರುವ ಬಲ ಇದೇ. ಆದರೆ ಮನೆ ನಿಮ್ಮ ಹೆಸರಿನಲ್ಲಿರುವವರೆಗೆ ಬ್ಯಾಂಕಿನ ಬಾಕಿ ಕಳೆದು ಉಳಿಯುವ ಭಾಗದ ಮೇಲೆ ಅವರಿಗೂ ಕಣ್ಣಿರುತ್ತದೆ.

ಜೈಲಿನ ಭಯವನ್ನು ವಸೂಲಿಗಾರರು ಬೇಕೆಂದೇ ಬೆಳೆಸುತ್ತಾರೆ. ಸಾಲ ತೀರಿಸಲಾಗದ್ದು ಅಪರಾಧವಲ್ಲ. ಡಿಕ್ರಿಯ ಅಮಲ್ಜಾರಿಯಲ್ಲಿ ಸಿವಿಲ್ ಬಂಧನಕ್ಕೆ ಅವಕಾಶವಿದೆಯಾದರೂ, ಕೊಡುವ ಶಕ್ತಿ ಇದ್ದೂ ದುರುದ್ದೇಶದಿಂದ ಕೊಡದವನನ್ನು ಮಾತ್ರ ಹಾಗೆ ಇಡಬಹುದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳ ವಸೂಲಿ ಏಜೆಂಟರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಿಮ್ಮ ಮಾಲೀಕರಿಗೋ ಬಂಧುಗಳಿಗೋ ಕರೆ ಮಾಡಿ ಮಾನ ಕಳೆದರೆ ದಿನಾಂಕ, ಸಮಯ, ನಂಬರನ್ನು ಬರೆದಿಟ್ಟು ಮೊದಲು ಆ ಸಂಸ್ಥೆಗೆ, 30 ದಿನಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬೇಕು.

ನನಗೆ ಹೆಚ್ಚು ಆತಂಕ ಹುಟ್ಟಿಸಿರುವುದು ಆ ಎರಡು ಖಾಲಿ ಚೆಕ್‌ಗಳು. ಮೊತ್ತ ಮತ್ತು ದಿನಾಂಕವನ್ನು ನಾನು ಬರೆದಿಲ್ಲ ಎಂಬ ವಾದವೊಂದೇ ನಿಮ್ಮನ್ನು ಉಳಿಸದು. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ ಕೂಡ ಸಾಲಕ್ಕಾಗಿಯೇ ಕೊಟ್ಟದ್ದು ಎಂಬ ಪೂರ್ವಭಾವನೆಗೆ ಒಳಪಡುತ್ತದೆ ಎಂದು 2019ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಖಾತೆ ಮುಚ್ಚಿಸಿದರೂ ಪಾರಾಗುವುದಿಲ್ಲ. ಚೆಕ್ ವಾಪಸಾದ ಮೇಲೆ ಅವರು 30 ದಿನಗಳೊಳಗೆ ನೋಟಿಸ್ ಕಳಿಸಬೇಕು, ಅದು ತಲುಪಿದ 15 ದಿನಗಳೊಳಗೆ ನೀವು ಹಣ ಕೊಡಬೇಕು, ಇಲ್ಲದಿದ್ದರೆ ಮೊಕದ್ದಮೆ. ಶಿಕ್ಷೆ ಎರಡು ವರ್ಷದವರೆಗೆ ಸೆರೆ ಅಥವಾ ಚೆಕ್ಕಿನ ಎರಡರಷ್ಟು ದಂಡ, ಇಲ್ಲವೇ ಎರಡೂ. ಆದ್ದರಿಂದ ಆ ನೋಟಿಸು ಬಂದರೆ ಇದುವರೆಗೆ ಕೊಟ್ಟ ಬಡ್ಡಿಯ ಲೆಕ್ಕವನ್ನೂ ಬರೆದು ವಕೀಲರ ಮೂಲಕ ಉತ್ತರಿಸದೆ ಬಿಡಬೇಡಿ. ಅವರು ಹಲವರಿಗೆ ಬಡ್ಡಿಗೆ ಹಣ ಕೊಡುವುದನ್ನೇ ಕಸುಬಾಗಿ ಮಾಡಿಕೊಂಡವರಾಗಿದ್ದು ಲೈಸೆನ್ಸ್ ಇಲ್ಲದಿದ್ದರೆ ಕರ್ನಾಟಕದ 1961ರ ಲೇವಾದೇವಿ ಕಾಯ್ದೆ ಮತ್ತು 2004ರ ವಿಪರೀತ ಬಡ್ಡಿ ನಿಷೇಧ ಕಾಯ್ದೆ ನಿಮ್ಮ ನೆರವಿಗೆ ಬರುತ್ತವೆ. ಕಷ್ಟಕ್ಕೆಂದು ಒಮ್ಮೆ ಕೊಟ್ಟ ಪರಿಚಿತರಾಗಿದ್ದರೆ ಆ ದಾರಿ ಹಿಡಿಯುವುದು ಸಮಂಜಸವಲ್ಲ, ಫಲಿಸುವುದೂ ಅನುಮಾನ.

ದಾನಪತ್ರದ ಯೋಚನೆಯನ್ನು ದಯವಿಟ್ಟು ಕೈಬಿಡಿ. ಅಡಮಾನ ಮನೆಯ ಜೊತೆಯಲ್ಲೇ ಹೋಗುವುದರಿಂದ ಬ್ಯಾಂಕಿಗೆ ಅದರಿಂದ ಏನೂ ಆಗದು. ಉಳಿದವರ ಕೈಗೆ ಸಿಗದಂತೆ ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯಡಿ ಅವರು ರದ್ದು ಮಾಡಿಸಬಹುದು. ಎರಡು ವರ್ಷಗಳೊಳಗೆ ಪಾಪರ್ ಅರ್ಜಿ ದಾಖಲಾಗಿ ನೀವು ದಿವಾಳಿ ಎಂದು ಘೋಷಿತರಾದರೆ ರಿಸೀವರ್ ಕೂಡ ರದ್ದು ಮಾಡಿಸಬಹುದು. ಸಾಲ ಕೊಟ್ಟವರಿಗೆ ಸಿಗದಂತೆ ಆಸ್ತಿ ಬಚ್ಚಿಡುವುದು ಸ್ವತಂತ್ರ ಅಪರಾಧವೂ ಹೌದು. ಇವತ್ತು ನೀವು ಸೋತ ವ್ಯಾಪಾರಿ. ಆ ಪತ್ರ ನೋಂದಣಿಯಾದ ದಿನದಿಂದ ನಿಮ್ಮ ಪ್ರಾಮಾಣಿಕತೆಯನ್ನು ಪ್ರತಿ ನ್ಯಾಯಾಲಯದಲ್ಲೂ ಶಂಕಿಸಲು ಎದುರಾಳಿಯ ಕೈಗೆ ನೀವೇ ದಾಖಲೆ ಕೊಟ್ಟಂತಾಗುತ್ತದೆ.

ನನ್ನ ಅಭಿಪ್ರಾಯ ಹೀಗಿದೆ: ಬ್ಯಾಂಕು ಮಾರುವ ಮೊದಲು ಮನೆಯನ್ನು ನೀವೇ ಮಾರಿ. ಹೇಳಲು ಸುಲಭ, ಮನೆಯವರನ್ನು ಒಪ್ಪಿಸುವುದು ಸುಲಭವಲ್ಲ ಎಂದು ಬಲ್ಲೆ. ಆದರೆ 28,000ದ ಸಂಬಳದಲ್ಲಿ ಈ ಸಾಲ ತೀರಿಸುವ ಬೇರೆ ಯಾವ ಲೆಕ್ಕವೂ ಕೂಡಿಬರುವುದಿಲ್ಲ. ಶಾಖಾ ವ್ಯವಸ್ಥಾಪಕರಿಗೆ ಲಿಖಿತವಾಗಿ ತಿಳಿಸಿ, ಖರೀದಿದಾರ ಬಾಕಿಯನ್ನು ನೇರವಾಗಿ ಸಾಲದ ಖಾತೆಗೆ ಕಟ್ಟುವುದು, ಬ್ಯಾಂಕು ಪತ್ರಗಳನ್ನು ಬಿಡುಗಡೆ ಮಾಡುವುದು ಎಂಬ ಏರ್ಪಾಡಿಗೆ ಒಪ್ಪಿಗೆ ಪಡೆಯಿರಿ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ. ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಬರುತ್ತದೆಯೇ ಎಂದು ಕರಾರು ಬರೆಯುವ ಮೊದಲೇ ಆಡಿಟರ್ ಒಬ್ಬರನ್ನು ಕೇಳಿ. 30 ಲಕ್ಷಕ್ಕೆ ಮಾರಿದರೂ ಬ್ಯಾಂಕಿನ ಬಾಕಿ ಕಳೆದು ಸುಮಾರು 15 ಲಕ್ಷ ಉಳಿಯುತ್ತದೆ, ಭಾವಮೈದುನನ ಕೊರಳಿನ ಉರುಳೂ ಸಡಿಲವಾಗುತ್ತದೆ.

ಆ ಹಣದಿಂದ ಮೊದಲು ಕೈಸಾಲದ ಅಸಲನ್ನು ಬ್ಯಾಂಕ್ ಮೂಲಕ ಕೊಟ್ಟು, ರಸೀದಿಯ ಜೊತೆಗೆ ಎರಡೂ ಚೆಕ್‌ಗಳನ್ನು ಕೈಗೆ ಪಡೆಯಿರಿ. ಚೆಕ್ ಆಮೇಲೆ ಕೊಡುತ್ತೇನೆ ಎಂಬ ಮಾತಿಗೆ ಒಪ್ಪಬೇಡಿ. ಫೈನಾನ್ಸ್ ಕಂಪನಿ ಮತ್ತು ಕಾರ್ಡಿನವರೊಡನೆ ಒನ್ ಟೈಮ್ ಸೆಟ್ಲ್‌ಮೆಂಟ್‌ಗೆ, ಅಂದರೆ ಒಪ್ಪಿದ ಮೊತ್ತ ಕಟ್ಟಿ ಸಾಲ ಮುಗಿಸುವ ರಾಜಿಗೆ ಮಾತಾಡಿ. ಮೊತ್ತ, ಕೊನೆಯ ದಿನಾಂಕ, ಇದರಿಂದ ಪೂರ್ಣ ಬಾಕಿ ತೀರಿತು ಎಂಬ ವಾಕ್ಯ ಇರುವ ಪತ್ರ ಸಂಸ್ಥೆಯ ಅಧಿಕೃತ ಇಮೇಲಿನಿಂದ ಬರದ ಹೊರತು ಒಂದು ರೂಪಾಯಿಯನ್ನೂ ಕಟ್ಟಬೇಡಿ, ಏಜೆಂಟರ ಸ್ವಂತ ಖಾತೆಗಂತೂ ಬೇಡವೇ ಬೇಡ. ರಾಜಿಯಾದ ಸಾಲ, ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂದು ವರ್ಷಗಟ್ಟಲೆ ಕಾಣಿಸುತ್ತದೆ ಮತ್ತು ರಾಜಿ ಮಾಡಿಕೊಂಡ ಸಂಸ್ಥೆಯಿಂದ ಕನಿಷ್ಠ 12 ತಿಂಗಳು ಹೊಸ ಸಾಲ ಸಿಗುವುದಿಲ್ಲ. ನಿಮ್ಮ ಸ್ಥಿತಿಯಲ್ಲಿ ಇದನ್ನು ದೊಡ್ಡ ಬೆಲೆ ಎಂದು ನಾನು ಎಣಿಸುವುದಿಲ್ಲ. ಮಾತುಕತೆ ಕುದುರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ಗೆ ಹೋಗಬಹುದು. ಒಂದು ಎಚ್ಚರ: ಅಲ್ಲಿ ಆದ ರಾಜಿ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕಟ್ಟಲಾಗದ ಕಂತಿಗೆ ಸಹಿ ಹಾಕಿದರೆ ಮುಂದಿನ ಹೆಜ್ಜೆ ನೇರ ಅಮಲ್ಜಾರಿ.

ಪಾಪರ್ ಅರ್ಜಿಯ ಬಾಗಿಲು ಹಾಗಂತ ಮುಚ್ಚಿಲ್ಲ. ಮನೆ ಅಂದುಕೊಂಡ ಬೆಲೆಗೆ ಹೋಗದೆ ಬ್ಯಾಂಕಿನ ಬಾಕಿ ತೀರಿದ ಮೇಲೆ ಅಲ್ಪಸ್ವಲ್ಪವೇ ಉಳಿದು, ಇಬ್ಬರು ಮೂವರು ಡಿಕ್ರಿದಾರರು ಸಂಬಳದ ಜಪ್ತಿ ಮತ್ತು ಬಂಧನದ ಅರ್ಜಿಗಳನ್ನು ಒಟ್ಟಿಗೆ ಹಾಕಿದ ಸ್ಥಿತಿ ಬಂದರೆ, ಆಗ ಎಲ್ಲರನ್ನೂ ಒಂದೇ ನ್ಯಾಯಾಲಯದ ಮುಂದೆ ತಂದು ನಿಲ್ಲಿಸುವ ಆ ಹಳೆಯ ಕಾಯ್ದೆಗೆ ಅರ್ಥವಿದೆ. ಅಂಗಡಿಯ ಲೆಕ್ಕದ ಪುಸ್ತಕ, ಜಿಎಸ್‌ಟಿ ವಿವರಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಅದಕ್ಕಾಗಿ ಈಗಿನಿಂದಲೇ ಜೋಪಾನ ಮಾಡಿ. ಮನೆ ಮಾರಿದ ಹಣದಲ್ಲಿ ಯಾರಿಗೆ ಯಾವ ದಿನ ಎಷ್ಟು ಕೊಟ್ಟಿರಿ ಎಂಬುದಕ್ಕೂ ದಾಖಲೆ ಇರಲಿ, ಏಕೆಂದರೆ ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಒಬ್ಬರಿಗೆ ಮಾತ್ರ ಒಲವು ತೋರಿಸಿ ಕೊಟ್ಟ ಹಣವನ್ನು ರಿಸೀವರ್ ಪ್ರಶ್ನಿಸಬಹುದು.

ಇನ್ನು ಮಗನ ವಿಷಯ. ತಂದೆಯ ಸಾಲವನ್ನು ಮಗ ಧರ್ಮವೆಂದು ತೀರಿಸಬೇಕೆಂಬ ಹಳೆಯ ಹಿಂದೂ ಕಾನೂನಿನ ಹೊಣೆಯನ್ನು 2005ರ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆ ತೆಗೆದುಹಾಕಿದೆ. ನಿಮ್ಮ ನಂತರ ನಿಮ್ಮಿಂದ ಅವನಿಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ ಸಾಲ ಕೊಟ್ಟವರು ಕೇಳಬಹುದು, ಅವನ ಸ್ವಂತ ದುಡಿಮೆಯನ್ನು ಮುಟ್ಟುವಂತಿಲ್ಲ. ಹತ್ತಿರದ ತೊಡಕು ಬೇರೆ ಇದೆ. ಮುಂದಿನ ವರ್ಷ ಅವನಿಗೆ ಶಿಕ್ಷಣ ಸಾಲ ಬೇಕಾದರೆ ಬ್ಯಾಂಕು ಸಹ ಸಾಲಗಾರರಾಗಿ ತಂದೆಯನ್ನೋ ತಾಯಿಯನ್ನೋ ಕೇಳುತ್ತದೆ, ನಿಮ್ಮ ಸಿಬಿಲ್ ಆಗ ಅಡ್ಡಬರುತ್ತದೆ. ನಿಮ್ಮ ಯಾವ ಸಾಲಕ್ಕೂ ಹೆಂಡತಿ ಇದುವರೆಗೆ ಸಹಿ ಹಾಕಿಲ್ಲವಾದರೆ ಅವರ ಹೆಸರು ಶುದ್ಧವಾಗಿದೆ. ಸೆಟ್ಲ್‌ಮೆಂಟ್ ಮಾತುಕತೆಯಲ್ಲಿ ‘ಮೇಡಂ ಅವರದೂ ಒಂದು ಸಹಿ ಇರಲಿ’ ಎಂದು ಯಾರಾದರೂ ಕಾಗದ ಮುಂದಿಟ್ಟರೆ ಸ್ಪಷ್ಟವಾಗಿ ನಿರಾಕರಿಸಿ, ಅವರ ಆಧಾರ್ ಮತ್ತು ಪ್ಯಾನ್ ಪ್ರತಿಗಳನ್ನೂ ಕೊಡಬೇಡಿ.